ಮೈಸೂರಿನ ಒಂಬೈನೂರ ಎಪ್ಪತ್ತೆಂಟು

ನಮ್ಮ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಇಪ್ಪತ್ತು ವರ್ಷಗಳಿಂದ ಯಾರೂ ಭೂಮಿಯ ಸೆಳೆತವನ್ನು ಅಳೆದಿರಲಿಲ್ಲ. ಅಳೆದೆವು ಎಂದು ಬರೆದಿದ್ದರು, ಅಷ್ಟೇ.

ಬಿ.ಎಸ್ಸಿ. ಓದುವ ಪ್ರತಿಯೊಬ್ಬರೂ ಮಾಡಲೇಬೇಕಾದ ಪ್ರಯೋಗ ಅದು. ಮೊಳಕ್ಕಿಂತ ಉದ್ದದ ಲೋಹದ ಪಟ್ಟಿಯೊಂದನ್ನು ಗೋಡೆಯ ಆಧಾರಕ್ಕೆ ತೂಗುಹಾಕಿ ಮೆಲ್ಲಗೆ ಆಡಿಸಬೇಕು, ತೂಗಾಟಗಳನ್ನು ಎಣಿಸಬೇಕು, ಸ್ಟಾಪ್‌ವಾಚಿನಲ್ಲಿ ಸಮಯ ನೋಡಬೇಕು, ಆಮೇಲೆ ಲೆಕ್ಕ ಮಾಡಬೇಕು. ಕೊನೆಗೆ ಒಂದು ಸಂಖ್ಯೆ ಬರುತ್ತದೆ. ಭೂಮಿ ವಸ್ತುಗಳನ್ನು ಎಷ್ಟು ಜೋರಾಗಿ ಎಳೆಯುತ್ತದೆ ಎಂಬುದನ್ನು ಹೇಳುವ ಸಂಖ್ಯೆ. ಪುಸ್ತಕದಲ್ಲಿ ಅದು ಸೆಂಟಿಮೀಟರ್ ಲೆಕ್ಕದಲ್ಲಿ ಒಂಬೈನೂರ ಎಂಬತ್ತೊಂದು ಎಂದಿತ್ತು. ಆದ್ದರಿಂದ ಎಲ್ಲರ ರೆಕಾರ್ಡಿನಲ್ಲೂ ಒಂಬೈನೂರ ಎಂಬತ್ತೊಂದೇ ಬರುತ್ತಿತ್ತು. ಉತ್ತರವನ್ನು ಮೊದಲು ಬರೆದುಕೊಂಡು, ಹಿಂದಕ್ಕೆ ಲೆಕ್ಕ ಹಾಕಿ, ಎಷ್ಟು ಸೆಕೆಂಡ್ ಬಂದಿದ್ದರೆ ಈ ಉತ್ತರ ಸಿಗುತ್ತಿತ್ತೋ ಅಷ್ಟನ್ನು ಅಂಕಣಗಳಲ್ಲಿ ತುಂಬುತ್ತಿದ್ದರು. ಸ್ವಲ್ಪ ಏರುಪೇರೂ ಹಾಕುತ್ತಿದ್ದರು, ನಂಬಿಕೆ ಬರಲಿ ಎಂದು. ಆ ರೆಕಾರ್ಡುಗಳು ಅಣ್ಣನಿಂದ ತಮ್ಮನಿಗೆ, ಹಾಸ್ಟೆಲಿನ ಹಿರಿಯನಿಂದ ಕಿರಿಯನಿಗೆ ಬಳುವಳಿಯಾಗಿ ಬರುತ್ತಿದ್ದವು. ಲೋಹದ ಪಟ್ಟಿಗೆ ಜೇಡ ಬಲೆ ಕಟ್ಟಿತ್ತು.

ಇದು ಸಾವಿರದ ಒಂಬೈನೂರ ಐವತ್ತೇಳರ ಮಾತು. ಆ ವರ್ಷ ಲಕ್ಷ್ಮೀನರಸಿಂಹ ಎಂಬ ಲೆಕ್ಚರರು ನಮಗೆ ಬಂದರು. ನಲವತ್ತು ವಯಸ್ಸಿರಬಹುದು. ತೆಳ್ಳಗಿನ ಮನುಷ್ಯ, ಕೋಟಿನ ಎರಡು ಜೇಬಿನಲ್ಲೂ ಸೀಮೆಸುಣ್ಣದ ಚೂರು. ಮೊದಲ ಪ್ರಾಕ್ಟಿಕಲ್ ಕ್ಲಾಸಿಗೆ ಬೀರುವಿನಿಂದ ಹಳೆಯ ರೆಕಾರ್ಡುಗಳ ಒಂದು ಹೊರೆಯನ್ನೇ ತರಿಸಿ ಮೇಜಿನ ಮೇಲೆ ಹಾಕಿದರು. ಒಂದೊಂದೇ ತೆಗೆದು ಕೊನೆಯ ಸಾಲು ಓದಿದರು. ಎಂಬತ್ತೊಂದು, ಎಂಬತ್ತೊಂದು, ಎಂಬತ್ತು ಬಿಂದು ಒಂಬತ್ತು, ಎಂಬತ್ತೊಂದು. ಓದಿ ಮುಗಿಸಿ, ಇವರೆಲ್ಲ ಲಂಡನ್ನಿನ ಭೂಮಿಯನ್ನು ಬಹಳ ಚೆನ್ನಾಗಿ ಅಳೆದಿದ್ದಾರೆ, ಮೈಸೂರಿನದನ್ನು ಅಳೆದವರು ಯಾರು ಎಂದು ಕೇಳಿದರು. ನಮಗೆ ಅರ್ಥವಾಗಲಿಲ್ಲ. ಭೂಮಿ ಎಲ್ಲ ಊರಿನಲ್ಲೂ ಒಂದೇ ಸಮನೆ ಎಳೆಯುವುದಿಲ್ಲ, ಸಮಭಾಜಕಕ್ಕೆ ಹತ್ತಿರವಾದಂತೆ ಸ್ವಲ್ಪ ಕಡಿಮೆ, ಸಮುದ್ರದಿಂದ ಎತ್ತರಕ್ಕೆ ಹೋದಂತೆ ಇನ್ನೂ ಕಡಿಮೆ ಎಂದು ಅವರು ಹೇಳಿದಾಗ ನನ್ನ ಮೈ ಜುಮ್ಮೆಂದಿತು. ನನ್ನ ಕಾಲಡಿಯ ಭೂಮಿಗೆ ಅದರದೇ ಒಂದು ಸಂಖ್ಯೆಯಿದೆ, ಅದು ಯಾವ ಪುಸ್ತಕದಲ್ಲೂ ಇಲ್ಲ. ಹತ್ತೊಂಬತ್ತು ವರ್ಷದ ಹುಡುಗಿಗೆ ಅದಕ್ಕಿಂತ ದೊಡ್ಡ ಸುದ್ದಿ ಯಾವುದಿದೆ!

ಅವರಷ್ಟು ಚೆನ್ನಾಗಿ ಪಾಠ ಮಾಡಿದವರನ್ನು ನಾನು ನೋಡಿಲ್ಲ. ಇದನ್ನು ಹೇಳಲೇಬೇಕು, ಹೇಳುವಾಗ ಹೊಟ್ಟೆ ಉರಿಯುತ್ತದೆ. ಕೆಟ್ಟ ಮೇಷ್ಟರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ನಾನು ಮಾದೇವಮ್ಮ. ಅಪ್ಪ ಮರಿಯಯ್ಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರಿನ ಕೈಕೆಳಗೆ ಕೆಲಸ ಮಾಡುತ್ತಿದ್ದರು. ಅವ್ವ ಬೋರಮ್ಮ. ನಮ್ಮ ಕೇರಿಯಿಂದ ಬಿ.ಎಸ್ಸಿ.ಗೆ ಹೋದ ಮೊದಲ ಹುಡುಗಿ ನಾನೇ. ಕೇರಿಯ ಹೆಸರು ಹೇಳಿದರೆ ಕ್ಲಾಸಿನಲ್ಲಿ ಕೆಲವರು ಬೆಂಚಿನಲ್ಲಿ ಸ್ವಲ್ಪ ಜರುಗಿ ಕೂರುತ್ತಿದ್ದ ಕಾಲ ಅದು. ನನ್ನ ಸ್ಕಾಲರ್‌ಶಿಪ್ಪು ಬಿ.ಎಸ್ಸಿ.ವರೆಗೆ ಮಾತ್ರ ಇತ್ತು. ಎಂ.ಎಸ್ಸಿ.ಗೆ ಹೋಗಬೇಕಾದರೆ ಒಂದೇ ಸಲಕ್ಕೆ ಎಲ್ಲ ವಿಷಯ ಪಾಸಾಗಿ ಫಸ್ಟ್ ಕ್ಲಾಸ್ ಬರಬೇಕು. ಎರಡನೇ ಸಲ ಕೂತವರಿಗೆ ಎಷ್ಟೇ ಅಂಕ ಬರಲಿ, ಕ್ಲಾಸ್ ಕೊಡುತ್ತಿರಲಿಲ್ಲ. ಸೀಟೂ ಇಲ್ಲ, ಸ್ಕಾಲರ್‌ಶಿಪ್ಪೂ ಇಲ್ಲ. ನನಗೆ ಎಂ.ಎಸ್ಸಿ. ಬೇಕಾಗಿತ್ತು. ಎಷ್ಟು ಬೇಕಾಗಿತ್ತು ಎಂದು ಹೇಳಲು ನಾಚಿಕೆಯಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆಯುವಾಗಲೂ ಅದೇ ಯೋಚನೆ.

ಲಕ್ಷ್ಮೀನರಸಿಂಹ ಆರು ಜನ ವಿದ್ಯಾರ್ಥಿಗಳನ್ನು ಆರಿಸಿಕೊಂಡರು. ಎರಡು ವರ್ಷ ಕೂತು ಮೈಸೂರಿನ ಸಂಖ್ಯೆಯನ್ನು ಅಳೆದು, ಒಂದು ಪ್ರಬಂಧ ಬರೆದು ಪತ್ರಿಕೆಗೆ ಕಳಿಸುವುದು ಅವರ ಯೋಜನೆ. ಬಿ.ಎಸ್ಸಿ. ಹುಡುಗರನ್ನು ಕಟ್ಟಿಕೊಂಡು ಸಂಶೋಧನೆಯೇ ಎಂದು ಉಳಿದ ಮೇಷ್ಟರುಗಳು ನಕ್ಕರು. ಆರು ಜನರಲ್ಲಿ ನಾನೊಬ್ಬಳು. ಇನ್ನೊಬ್ಬ ಚೆಲುವರಾಜು, ಇಲವಾಲದವನು. ಮನೆಯಲ್ಲಿ ಹೊಲಗದ್ದೆ ಇತ್ತು, ಲೆಕ್ಕದಲ್ಲಿ ಬಲು ಚುರುಕು, ಬಾಯಿ ಇನ್ನೂ ಚುರುಕು. ಉಳಿದ ನಾಲ್ವರು ಒಳ್ಳೆಯವರೇ. ಅವರ ಹೆಸರು ಇಲ್ಲಿ ಬೇಡ.

ಬಸ್ಸುಗಳ ಓಡಾಟದಿಂದ ಗೋಡೆ ಅದುರುತ್ತದೆ ಎಂದು ಬೆಳಿಗ್ಗೆ ಆರು ಗಂಟೆಗೇ ಲ್ಯಾಬು ತೆಗೆಸುತ್ತಿದ್ದರು. ಒಬ್ಬರು ಎಣಿಸಬೇಕು, ಒಬ್ಬರು ವಾಚು ನೋಡಬೇಕು, ಒಬ್ಬರು ಬರೆಯಬೇಕು. ಐವತ್ತು ತೂಗಾಟ ಎಣಿಸಿ ಬಿಡುವ ಹಾಗಿಲ್ಲ, ಮುನ್ನೂರು ಎಣಿಸಬೇಕು. ಲ್ಯಾಬಿಗೆ ರಬ್ಬರ್ ತರುವ ಹಾಗಿಲ್ಲ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು, ತಪ್ಪೂ ಕಾಣಬೇಕು. ಒಮ್ಮೆ ಚೆಲುವರಾಜು ಒಂದು ಅಂಕಿಯನ್ನು ತಿದ್ದಿದ್ದು ಕಂಡು ಅವರು ಇಡೀ ದಿನದ ಹಾಳೆಯನ್ನೇ ಪಕ್ಕಕ್ಕಿಟ್ಟರು. ಬೈಯಲಿಲ್ಲ. ನೀವು ನೋಡಿದ್ದು ನಿಮಗೆ ಮಾತ್ರ ಗೊತ್ತು, ಅದನ್ನು ಯಾರು ಬಂದು ಹೇಳಿದರೂ ಬದಲಾಯಿಸಬೇಡಿ, ನಾನು ಹೇಳಿದರೂ ಬದಲಾಯಿಸಬೇಡಿ ಎಂದರು. ನಾನು ಆ ಮಾತನ್ನು ದೇವರ ಮಾತಿಗಿಂತ ಹೆಚ್ಚಾಗಿ ನಂಬಿದೆ.

ಮೊದಲ ವರ್ಷದ ಕೊನೆಗೆ ನಮ್ಮ ಸಂಖ್ಯೆ ಒಂಬೈನೂರ ಎಪ್ಪತ್ತೊಂಬತ್ತು ಬಿಂದು ಎರಡಕ್ಕೆ ಬಂದು ನಿಂತಿತು. ಸುತ್ತಲ ಊರುಗಳ ಲೆಕ್ಕ ನೋಡಿದರೆ ಇದು ಇನ್ನೂ ಒಂದಷ್ಟು ಕಡಿಮೆ ಇರಬೇಕು, ಎಲ್ಲೋ ಏನೋ ತಪ್ಪಿದೆ ಎಂದು ಮೇಷ್ಟರು ತಲೆ ಕೆಡಿಸಿಕೊಂಡರು. ತಪ್ಪನ್ನು ಹಿಡಿದವಳು ನಾನು. ವಾಚಿನ ಮೇಲೇ ನನಗೆ ಅನುಮಾನ. ಅವರಿಂದ ಚೀಟಿ ಬರೆಸಿಕೊಂಡು ನಾಲ್ಕನೇ ನಂಬರಿನ ಸ್ಟಾಪ್‌ವಾಚನ್ನು ಮನೆಗೆ ಒಯ್ದೆ. ನಮ್ಮ ಮನೆಯಲ್ಲಿ ರೇಡಿಯೋ ಎಲ್ಲಿಂದ ಬರಬೇಕು. ಸರಸ್ವತಿಪುರದಲ್ಲೊಂದು ಕಾಫಿ ಹೋಟೆಲಿನಲ್ಲಿ ರೇಡಿಯೋ ಇತ್ತು. ಎಂಟು ಗಂಟೆಗೆ ಕೇಳಿಸುವ ಪೀಪ್ ಸದ್ದಿಗೆ ವಾಚು ಒತ್ತಿ, ಒಂಬತ್ತರ ಸದ್ದಿನವರೆಗೆ ಹೋಟೆಲಿನ ಬಾಗಿಲಲ್ಲಿ ನಿಂತಿರುತ್ತಿದ್ದೆ. ಹನ್ನೊಂದು ದಿನ ನಿಂತೆ. ಮೊದಲೆರಡು ದಿನ ಹೋಟೆಲಿನವನು ಯಾರಿಗೋ ಕಾದಿದ್ದಾಳೆ ಎಂದುಕೊಂಡ. ಮೂರನೇ ದಿನ ಕೇಳಿಯೇ ಬಿಟ್ಟ. ಒಂಬತ್ತು ಗಂಟೆಗೆ ಕಾದಿದ್ದೇನೆ ಎಂದೆ. ವಾಚು ಗಂಟೆಗೆ ಎರಡು ಸೆಕೆಂಡ್ ಹಿಂದೆ ಬೀಳುತ್ತಿತ್ತು.

ಎರಡು ಸೆಕೆಂಡ್ ಏನು ಮಹಾ ಎನ್ನಬೇಡಿ. ಆ ತಿದ್ದುಪಡಿ ಸೇರಿಸಿದ ಕೂಡಲೇ ನಮ್ಮ ಸಂಖ್ಯೆ ಒಂಬೈನೂರ ಎಪ್ಪತ್ತೆಂಟು ಬಿಂದು ಒಂದಕ್ಕೆ ಇಳಿಯಿತು. ಮೇಷ್ಟರು ನನ್ನ ಹಾಳೆಯನ್ನು ಮೂರು ಸಲ ನೋಡಿ, ಇದು ಮೈಸೂರು ಕಣಮ್ಮ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಇರಲಿಲ್ಲ ಎಂದು ನಾನು ಸುಳ್ಳು ಹೇಳಲಾರೆ.

ಪ್ರಬಂಧದಲ್ಲಿ ಆರೂ ಜನರ ಹೆಸರು ಹಾಕುತ್ತೇನೆ ಎಂದು ಅವರು ಹಟ ಹಿಡಿದರು. ವಿಭಾಗದ ಮುಖ್ಯಸ್ಥರು ವಿದ್ಯಾರ್ಥಿಗಳಿಗೆ ಕೊನೆಯಲ್ಲೊಂದು ವಂದನೆ ಹೇಳಿದರೆ ಸಾಲದೇ ಎಂದರಂತೆ. ಸಾಲದು ಎಂದು ಜಗಳವಾಡಿ ಗೆದ್ದು ಬಂದರು. ವಾಚಿನ ತಪ್ಪು ಹಿಡಿದದ್ದಕ್ಕೆ ನನ್ನ ಹೆಸರನ್ನು ತಮ್ಮ ಹೆಸರಿನ ಪಕ್ಕದಲ್ಲೇ ಬರೆದರು. ಜನವರಿಯಲ್ಲಿ ಪ್ರಬಂಧ ಅಂಚೆಗೆ ಹೋಯಿತು. ಮಾರ್ಚಿನಲ್ಲಿ ನಮ್ಮ ಕೊನೆಯ ಪರೀಕ್ಷೆ.

ಪ್ರಾಕ್ಟಿಕಲ್ ಪರೀಕ್ಷೆಗೆ ಇಬ್ಬರು ಪರೀಕ್ಷಕರು. ಒಳಗಿನವರು ನಮ್ಮ ಲಕ್ಷ್ಮೀನರಸಿಂಹ. ಹೊರಗಿನಿಂದ ಬಂದವರು ಬೇರೆ ಊರಿನ ಕಾಲೇಜಿನ ಪ್ರೊಫೆಸರ್ ಮಹದೇವಯ್ಯ. ಈ ಒಳಗಿನವರು, ಹೊರಗಿನವರು ಎಂಬುದರಲ್ಲೊಂದು ಪದ್ಧತಿಯಿದೆ, ಬರೆದಿಟ್ಟದ್ದಲ್ಲ. ಹೊರಗಿನವರು ಅತಿಥಿ. ಅವರ ಮಾತಿಗೆ ಒಳಗಿನವರು ಎದುರಾಡುವ ಹಾಗಿಲ್ಲ. ಯಾಕೆಂದರೆ ಮುಂದಿನ ವಾರ ಇವರು ಅವರ ಕಾಲೇಜಿಗೆ ಹೊರಗಿನವರಾಗಿ ಹೋಗಬೇಕು. ಅಲ್ಲಿ ಇವರ ಮಾತು ನಡೆಯಬೇಕು. ಇಲ್ಲಿಯ ಮಕ್ಕಳ ಅಂಕ ಅವರ ಕೈಯಲ್ಲಿ, ಅಲ್ಲಿಯ ಮಕ್ಕಳ ಅಂಕ ಇವರ ಕೈಯಲ್ಲಿ. ಇಬ್ಬರೂ ಮರ್ಯಾದಸ್ಥರು, ಒಟ್ಟಿಗೆ ಊಟ ಮಾಡುತ್ತಾರೆ.

ಚೀಟಿ ಎತ್ತಿದಾಗ ನನಗೆ ಬಂದದ್ದು ಅದೇ ಪ್ರಯೋಗ. ನನಗೆ ನಗು ಬಂತು. ಎರಡು ವರ್ಷ ಕೈಯಲ್ಲಿ ಹಿಡಿದು ಆಡಿಸಿದ ಪಟ್ಟಿ, ಅದೇ ಗೋಡೆ, ಅದೇ ನಾಲ್ಕನೇ ನಂಬರಿನ ವಾಚು. ಪಕ್ಕದವರು ಐವತ್ತು ಎಣಿಸಿ ಕೂತರೆ ನಾನು ಮುನ್ನೂರು ಎಣಿಸಿದೆ. ಲೆಕ್ಕ ಮಾಡಿದರೆ ಎಪ್ಪತ್ತೊಂಬತ್ತು ಬಿಂದು ನಾಲ್ಕು ಬಂತು. ವಾಚಿನ ತಿದ್ದುಪಡಿ ಸೇರಿಸಿದೆ. ಒಂಬೈನೂರ ಎಪ್ಪತ್ತೆಂಟು ಬಿಂದು ಮೂರು. ಕೊನೆಯ ಸಾಲನ್ನು ಬರೆದು ಕೆಳಗೆ ಗೆರೆ ಎಳೆದೆ.

ಮಹದೇವಯ್ಯನವರು ಬಂದು ನೋಡಿದರು. ದೊಡ್ಡ ಮೈ, ಸೌಮ್ಯವಾದ ದನಿ. ಉತ್ತರ ಎಷ್ಟಿರಬೇಕು ಎಂದು ಕೇಳಿದರು. ಮೈಸೂರಿನಲ್ಲಿ ಒಂಬೈನೂರ ಎಪ್ಪತ್ತೆಂಟು ಸರ್ ಎಂದೆ. ಯಾವ ಪುಸ್ತಕದಲ್ಲಿದೆ ಎಂದರು. ಪುಸ್ತಕದಲ್ಲಿಲ್ಲ, ಅಳೆದಿದ್ದೇವೆ ಎಂದೆ. ಅವರ ಬೆರಳು ತಿದ್ದುಪಡಿಯ ಸಾಲಿನ ಮೇಲೆ ನಿಂತಿತು. ವಾಚು ಹಿಂದೆ ಬೀಳುತ್ತದೆ ಎಂದು ವಿವರಿಸಿದೆ. ಅವರು ನಕ್ಕರು. ಉತ್ತರಕ್ಕೆ ಹತ್ತಿರ ಬರಲು ಮೋಸ ಮಾಡುವವರನ್ನು ನೋಡಿದ್ದೇನೆ, ಉತ್ತರದಿಂದ ದೂರ ಹೋಗಲು ಮೋಸ ಮಾಡುವವಳನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದರು. ಆಮೇಲೆ, ಇನ್ನೊಂದು ಗಂಟೆ ಸಮಯವಿದೆ, ಸರಿಯಾಗಿ ಮಾಡಿ ಎಂಬತ್ತೊಂದರ ಹತ್ತಿರಕ್ಕೆ ತಾ, ಪಾಸು ಮಾಡುತ್ತೇನೆ ಎಂದರು. ಕೆಟ್ಟ ಮನುಷ್ಯನಲ್ಲ. ಉಪಕಾರ ಮಾಡುತ್ತಿದ್ದೇನೆ ಎಂದೇ ಅವರು ನಂಬಿದ್ದರು.

ನಾನು ಲಕ್ಷ್ಮೀನರಸಿಂಹ ಅವರ ಕಡೆ ನೋಡಿದೆ. ಅವರು ನಾಲ್ಕು ಮಾರು ದೂರದಲ್ಲಿ ಮೇಜಿನ ಹಿಂದೆ ಕೂತಿದ್ದರು. ಎಲ್ಲ ಕೇಳಿಸಿತ್ತು. ಒಂದು ಮಾತು ಸಾಕಾಗಿತ್ತು. ಆ ಹುಡುಗಿ ಹೇಳಿದ್ದು ಸರಿ ಎಂದರೆ ಮುಗಿಯುತ್ತಿತ್ತು. ಅವರು ಹಾಜರಿ ಹಾಳೆಯನ್ನು ತಿರುವಿ ಹಾಕಿದರು. ಕನ್ನಡಕ ತೆಗೆದು ಒರೆಸಿದರು. ನಾನು ಕಣ್ಣು ತೆಗೆಯಲಿಲ್ಲ. ಕೊನೆಗೆ ತಲೆಯೆತ್ತದೆ ಹೇಳಿದರು.

"ಇನ್ನೊಂದ್ಸಲ ನೋಡಮ್ಮ."

ಅಷ್ಟೇ. ಎರಡು ವರ್ಷ ಬೆಳಿಗ್ಗೆ ಆರಕ್ಕೆ ಎಬ್ಬಿಸಿ, ರಬ್ಬರ್ ಕಿತ್ತಿಟ್ಟು, ನಾನು ಹೇಳಿದರೂ ಬದಲಾಯಿಸಬೇಡಿ ಎಂದ ಬಾಯಿಂದ ಬಂದ ಮಾತು ಅದು. ನನ್ನ ಕಿವಿ ಬಿಸಿಯಾಯಿತು. ಆ ವಾಚನ್ನು ತೆಗೆದು ಅವರ ಮೇಜಿನ ಮೇಲೆ ಕುಕ್ಕಬೇಕು ಎನ್ನಿಸಿತು. ಕುಕ್ಕಲಿಲ್ಲ. ಇನ್ನೊಂದು ಸಲ ಮುನ್ನೂರು ಎಣಿಸಿದೆ. ಈ ಸಲ ಎಪ್ಪತ್ತೆಂಟು ಬಿಂದು ಎರಡು ಬಂತು. ಅದನ್ನೇ ಮೊದಲಿನದರ ಕೆಳಗೆ ಬರೆದು, ವಾಚಿನ ತಿದ್ದುಪಡಿಯ ಸಾಲಿನ ಕೆಳಗೆ ಇನ್ನೊಂದು ಗೆರೆ ಎಳೆದು, ಹಾಳೆ ಕೊಟ್ಟು ಎದ್ದು ಬಂದೆ. ಮಹದೇವಯ್ಯನವರು ಅದರ ಮೇಲೆ ಕೆಂಪು ಪೆನ್ಸಿಲಿನಲ್ಲಿ ಅಡ್ಡ ಗೀಟು ಹಾಕಿದ್ದು ಬಾಗಿಲಿನಿಂದ ಕಾಣಿಸಿತು.

ಜಾತಿ ನೋಡಿ ಹಾಗೆ ಮಾಡಿದರೇ ಎಂದು ನಮ್ಮ ಕೇರಿಯವರು ಕೇಳಿದರು. ಇಲ್ಲ. ಆ ಮನುಷ್ಯ ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ, ಸಂಖ್ಯೆಯನ್ನು ಮಾತ್ರ ನೋಡಿದರು. ನನ್ನ ಮುಖ, ನನ್ನ ಕೇರಿ, ಸ್ಕಾಲರ್‌ಶಿಪ್ಪು, ಎಂ.ಎಸ್ಸಿ. ಎಲ್ಲವೂ ಗೊತ್ತಿದ್ದ ಮನುಷ್ಯ ಪಕ್ಕದಲ್ಲಿ ಕನ್ನಡಕ ಒರೆಸುತ್ತಿದ್ದರು. ನನ್ನ ಸಿಟ್ಟು ಯಾರ ಮೇಲೆ ಎಂದು ಈಗ ತಿಳಿಯಿತಲ್ಲ.

ಅದೇ ದಿನ ಮಧ್ಯಾಹ್ನದ ತಂಡದಲ್ಲಿ ಚೆಲುವರಾಜುವಿಗೂ ಅದೇ ಪ್ರಯೋಗ ಬಂತು. ಅವನು ಹದಿನೈದು ನಿಮಿಷ ಪಟ್ಟಿ ಆಡಿಸಿ, ಉಳಿದ ಸಮಯ ಕೂತು ಹಿಂದಕ್ಕೆ ಲೆಕ್ಕ ಹಾಕಿ, ಎಂಬತ್ತು ಬಿಂದು ಎಂಟು ಬರೆದು ಕೊಟ್ಟ. ಸಂಜೆ ಗೇಟಿನ ಹತ್ತಿರ ಸಿಕ್ಕಾಗ ಮುಚ್ಚಿಡದೆ ಹೇಳಿದ. ನಿನಗೆ ನಾಚಿಕೆಯಾಗುವುದಿಲ್ಲವೇ ಎಂದು ಕೇಳಿದೆ.

"ಅವ್ರು ಕೇಳಿದ್ದು ಉತ್ತರ ಕಣಮ್ಮ, ಭೂಮಿನಲ್ಲ. ಕೊಟ್ಬುಟ್ಟೆ. ನೀನೂ ಕೊಟ್ಬುಟ್ಟಿದ್ರೆ ಏನ್ ಹೋಗ್ತಿತ್ತು?"

ಕೊಡದೆ ಹೋದದ್ದರಿಂದ ಏನು ಹೋಯಿತು ಎಂಬುದು ಮೇ ತಿಂಗಳಿನಲ್ಲಿ ಗೊತ್ತಾಯಿತು.

ಫಲಿತಾಂಶ ಬಂತು. ಬರಹದ ಪೇಪರುಗಳಲ್ಲಿ ಕ್ಲಾಸಿಗೇ ಎರಡನೆಯವಳು ನಾನು. ಪ್ರಾಕ್ಟಿಕಲ್‌ನಲ್ಲಿ ಚೆಲುವರಾಜುವಿಗೆ ಐವತ್ತಕ್ಕೆ ನಲವತ್ತೆಂಟು, ನನಗೆ ಹನ್ನೆರಡು. ಅದರಲ್ಲಿ ಬೇರೆಯಾಗಿಯೇ ಪಾಸಾಗಬೇಕಿತ್ತು. ಫೇಲು. ಅಪ್ಪ ಅಂಕಪಟ್ಟಿಯನ್ನು ಉಲ್ಟಾ ಹಿಡಿದುಕೊಂಡೇ ಬಹಳ ಹೊತ್ತು ನೋಡಿದರು. ಅಳತೆ ಸರಿಯಾಗಿತ್ತೇ ಎಂದು ಕೇಳಿದರು. ಸರಿಯಾಗಿತ್ತು ಎಂದೆ. ವರ್ಕ್‌ಶಾಪಿನಲ್ಲಿ ಅಳತೆ ಸರಿಯಿದ್ದರೆ ಸಾಹೇಬನೂ ತೆಪ್ಪಗಿರುತ್ತಾನೆ, ಇದೆಂಥ ಜಾಗ ಎಂದು ಗೊಣಗಿ ಹೊರಗೆ ಹೋದರು. ಅವ್ವ ಮಾತ್ರ ನೇರವಾಗಿ ಕೇಳಿದಳು.

"ನಿಮ್ ಮೇಷ್ಟ್ರು ಅಲ್ಲೇ ಕುಂತಿದ್ರಾ?"

"ಕುಂತಿದ್ರು."

"ಅವ್ರ ಬಾಯಿಗೆ ಏನಾಗಿತ್ತಂತೆ?"

ಅದೇ ವಾರ ಪ್ರಬಂಧದ ಅಚ್ಚಾದ ಪ್ರತಿಗಳು ಬಂದವು. ಲಕ್ಷ್ಮೀನರಸಿಂಹ ಸೈಕಲ್ ತಳ್ಳಿಕೊಂಡು ನಮ್ಮ ಕೇರಿಗೆ ಬಂದು, ನಮ್ಮ ಮನೆಯೊಳಗೆ ಚಾಪೆಯ ಮೇಲೆ ಕೂತು, ಅವ್ವ ಕೊಟ್ಟ ನೀರನ್ನು ಕುಡಿದರು. ಆ ಕಾಲಕ್ಕೆ ಅದು ದೊಡ್ಡ ವಿಷಯ, ಇಡೀ ಕೇರಿ ಬಾಗಿಲಲ್ಲಿ ನಿಂತು ನೋಡಿತು. ಪ್ರತಿಯನ್ನು ನನ್ನ ಕೈಗೆ ಕೊಟ್ಟರು. ಅವರ ಹೆಸರಿನ ಪಕ್ಕದಲ್ಲಿ ನನ್ನ ಹೆಸರು. ಮೈಸೂರಿನಲ್ಲಿ ಒಂಬೈನೂರ ಎಪ್ಪತ್ತೆಂಟು ಬಿಂದು ಒಂದು ಎಂದು ಅಚ್ಚಾಗಿತ್ತು. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಅದನ್ನೇ ಬರೆದದ್ದಕ್ಕೆ ಫೇಲು ಮಾಡಿದ ಅಂಕಪಟ್ಟಿ. ಅಕ್ಟೋಬರಿನಲ್ಲಿ ಮತ್ತೆ ಕೂತುಕೋ, ಬೇರೆ ಪರೀಕ್ಷಕರು ಬರುವ ಹಾಗೆ ನೋಡಿಕೊಳ್ಳುತ್ತೇನೆ ಎಂದರು. ಎರಡನೇ ಸಲ ಕೂತರೆ ಎಂ.ಎಸ್ಸಿ. ಇಲ್ಲ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅದರ ಬಗ್ಗೆ ಬಾಯಿ ಬಿಡಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ದರೆ ಅತ್ತುಬಿಡುತ್ತಿದ್ದೆ. ಅವರ ಮುಂದೆ ಅಳುವುದು ಬೇಡವಾಗಿತ್ತು.

ಆಗಸ್ಟಿನಲ್ಲಿ ಅವರಿಗೆ ಪದಕ ಬಂತು. ಯಾರೋ ದಾನಿಗಳು ಇಟ್ಟ ದತ್ತಿಯಿಂದ, ಪಾಠದಲ್ಲೂ ಸಂಶೋಧನೆಯಲ್ಲೂ ಶ್ರೇಷ್ಠರಾದ ಅಧ್ಯಾಪಕರಿಗೆ ಕೊಡುವ ಬೆಳ್ಳಿ ಪದಕ. ಬಿ.ಎಸ್ಸಿ. ವಿದ್ಯಾರ್ಥಿಗಳನ್ನು ಸಂಶೋಧನೆಗೆ ಹಚ್ಚಿದ್ದಕ್ಕಾಗಿ ಎಂದು ಆಹ್ವಾನ ಪತ್ರಿಕೆಯಲ್ಲಿ ಬರೆದಿತ್ತು. ಕೆಳಗೆ ಆರು ವಿದ್ಯಾರ್ಥಿಗಳ ಹೆಸರು. ನಮ್ಮನ್ನು ವೇದಿಕೆಗೆ ಕರೆದು ಹೂ ಕೊಡಿಸುವುದಂತೆ. ಹೋಗುವುದಿಲ್ಲ ಎಂದುಕೊಂಡಿದ್ದೆ. ಆರಿಸಿದ ಸಮಿತಿಯಲ್ಲಿ ಪ್ರೊಫೆಸರ್ ಮಹದೇವಯ್ಯನವರೂ ಇದ್ದಾರೆ, ಸಮಾರಂಭಕ್ಕೂ ಬರುತ್ತಾರೆ ಎಂದು ಚೆಲುವರಾಜು ಹೇಳಿದ. ಆಗ ಹೊರಟೆ.

ಕಾಲೇಜಿನ ದೊಡ್ಡ ಹಾಲ್ ತುಂಬಿತ್ತು. ಮಹದೇವಯ್ಯನವರು ಮೊದಲ ಸಾಲಿನಲ್ಲಿ, ಹೆಗಲ ಮೇಲೆ ಶಲ್ಯ. ವಿದ್ಯಾರ್ಥಿಗಳನ್ನು ಕರೆದಾಗ ಐವರು ವೇದಿಕೆಗೆ ಹೋದರು. ನಾನು ಮೂರನೇ ಸಾಲಿನಲ್ಲಿ ಕೂತೇ ಇದ್ದೆ. ಪದಕ ಕೊಟ್ಟರು, ಹೊಗಳಿದರು, ಹಾರ ಹಾಕಿದರು. ಕೊನೆಗೆ ಅಧ್ಯಕ್ಷರು ವಿದ್ಯಾರ್ಥಿಗಳಲ್ಲಿ ಯಾರಾದರೂ ಎರಡು ಮಾತು ಆಡಬಹುದು ಎಂದರು. ನಾನು ಎದ್ದು ನಿಂತೆ. ಮಾತಿಲ್ಲ, ಒಂದು ಪ್ರಶ್ನೆ ಇದೆ, ಮೇಷ್ಟರಿಗೆ ಎಂದೆ. ಹಾಲಿನಲ್ಲಿ ಮೆಚ್ಚುಗೆಯ ಗುಜುಗುಜು. ಶ್ರೇಷ್ಠ ಅಧ್ಯಾಪಕರಿಗೆ ವಿದ್ಯಾರ್ಥಿನಿಯ ಪ್ರಶ್ನೆ ಎಂದರೆ ಎಷ್ಟು ಚೆನ್ನಾಗಿರುತ್ತದೆ.

ಪುಸ್ತಕದಲ್ಲಿ ಒಂಬೈನೂರ ಎಂಬತ್ತೊಂದು ಎಂದಿದೆ, ಮೈಸೂರಿನಲ್ಲಿ ಎಪ್ಪತ್ತೆಂಟು ಎಂದು ಬರೆದವರು ತಪ್ಪೋ ಸರಿಯೋ ಎಂದು ಕೇಳಿದೆ.

ಲಕ್ಷ್ಮೀನರಸಿಂಹ ನನ್ನನ್ನು ನೋಡಿದರು. ಅವರಿಗೆ ತಿಳಿಯಿತು. ಆದರೂ ಉತ್ತರಿಸಿದರು, ಆ ಮನುಷ್ಯನಿಗೆ ಪಾಠ ಮಾಡದೆ ಇರಲು ಬರುವುದಿಲ್ಲ. ಹಾರ ತೆಗೆದಿಟ್ಟು, ಜೇಬಿನಿಂದ ಸೀಮೆಸುಣ್ಣದ ಚೂರು ತೆಗೆದು, ಹಿಂದಿನ ಹಲಗೆಯ ಮೇಲೆ ಭೂಮಿಯ ಚಿತ್ರ ಬರೆದರು. ಮೈಸೂರು ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಎಷ್ಟು ಕಡಿಮೆಯಾಗಬೇಕು. ಆಮೇಲೆ ವಾಚಿನ ಎರಡು ಸೆಕೆಂಡಿನ ಕಥೆ. ಐದೇ ನಿಮಿಷ. ಹಾಲಿನಲ್ಲಿದ್ದ ಗುಮಾಸ್ತರಿಗೂ ಅರ್ಥವಾಯಿತು. ಎಪ್ಪತ್ತೆಂಟೇ ಸರಿ, ಇಲ್ಲಿ ಎಂಬತ್ತೊಂದು ಬರೆದರೆ ಅದು ಅಳತೆಯಲ್ಲ, ನಕಲು ಎಂದು ಮುಗಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮಹದೇವಯ್ಯನವರು. ಪಕ್ಕದವರ ಕಡೆ ವಾಲಿ, ಎಷ್ಟು ತಿಳಿಯಾಗಿ ಹೇಳಿದರು ನೋಡಿ ಎಂದದ್ದು ನನಗೂ ಕೇಳಿಸಿತು. ಆ ಮನುಷ್ಯನಿಗೆ ನನ್ನ ನೆನಪೇ ಇರಲಿಲ್ಲ. ಕೆಂಪು ಗೀಟು ಹಾಕಿದ ಕೈಯಲ್ಲೇ ತಟ್ಟುತ್ತಿದ್ದರು.

ಚಪ್ಪಾಳೆ ನಿಲ್ಲುವವರೆಗೂ ನಿಂತಿದ್ದೆ.

"ಮಾರ್ಚಿನಲ್ಲಿ ನನ್ನ ಪರೀಕ್ಷೆಯ ದಿನ ಇದೇ ಐದು ನಿಮಿಷದ ಪಾಠವನ್ನು ಈ ಪ್ರೊಫೆಸರಿಗೆ ಯಾಕೆ ಹೇಳಲಿಲ್ಲ ಸರ್?"

ಮಹದೇವಯ್ಯನವರು ಹಿಂತಿರುಗಿ ನನ್ನನ್ನು ನೋಡಿದರು. ಈಗ ನೆನಪಾಯಿತು ಎಂದು ಕಾಣುತ್ತದೆ, ಶಲ್ಯ ಸರಿಮಾಡಿಕೊಂಡರು. ಲಕ್ಷ್ಮೀನರಸಿಂಹ ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತೇ ಇದ್ದರು. ಈ ಸಲವೂ ಕನ್ನಡಕ ತೆಗೆಯುತ್ತಾರೆ ಎಂದುಕೊಂಡೆ. ತೆಗೆಯಲಿಲ್ಲ.

"ಹೇಳಬೇಕಾಗಿತ್ತು. ಧೈರ್ಯ ಬರಲಿಲ್ಲ," ಎಂದರು. ಆಮೇಲೆ ಕುರ್ಚಿಗೆ ಹೋಗಿ ಕೂತರು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಕಾಫಿ ತಿಂಡಿ ಇದೆ ಎಂದರು. ಜನ ಎದ್ದರು. ಉದ್ದಿನ ವಡೆ ಮಾಡಿಸಿದ್ದರು, ಚೆನ್ನಾಗಿತ್ತಂತೆ. ನಾನು ತಿನ್ನಲಿಲ್ಲ.

ಸೋಮವಾರ ಲಕ್ಷ್ಮೀನರಸಿಂಹ ವಿಶ್ವವಿದ್ಯಾನಿಲಯಕ್ಕೆ ಪತ್ರ ಬರೆದರು. ನನ್ನ ಉತ್ತರ ಸರಿ, ತಪ್ಪು ತಮ್ಮದು, ಅಂಕ ಕೊಡಬೇಕು ಎಂದು. ಪ್ರಕಟವಾದ ಫಲಿತಾಂಶವನ್ನು ಬದಲಾಯಿಸುವ ನಿಯಮವಿಲ್ಲ ಎಂದು ಒಂದೂವರೆ ಸಾಲಿನ ಉತ್ತರ ಬಂತು. ಅಕ್ಟೋಬರಿನಲ್ಲಿ ಮತ್ತೆ ಕೂತೆ. ಬೇರೆ ಪ್ರಯೋಗ, ಬೇರೆ ಹೊರಗಿನವರು. ಒಳಗಿನವರು ಮತ್ತೆ ಅವರೇ. ಮೂರು ಗಂಟೆಯೂ ನನ್ನ ಮೇಜಿನ ಹತ್ತಿರವೇ ಸುಳಿದಾಡಿದರು. ಏನಾದರೂ ಬೇಕೇನಮ್ಮ ಎಂದು ಎರಡು ಸಲ ಕೇಳಿದರು. ಬೇಡ ಸರ್ ಎಂದೆ. ಐವತ್ತಕ್ಕೆ ನಲವತ್ತೊಂಬತ್ತು ಬಂತು. ಅಂಕಪಟ್ಟಿಯ ಕ್ಲಾಸಿನ ಜಾಗದಲ್ಲಿ ಒಂದು ಅಡ್ಡ ಗೆರೆ. ಎಂ.ಎಸ್ಸಿ. ಸೀಟು ಚೆಲುವರಾಜುವಿಗೆ ಸಿಕ್ಕಿತು. ನಾನು ಹೆಣ್ಣುಮಕ್ಕಳ ಹೈಸ್ಕೂಲಿಗೆ ಟೀಚರಾದೆ.

ಈಗ ಅರವತ್ತಾರನೇ ಇಸವಿ. ಚೆಲುವರಾಜು ನಮ್ಮ ಕಾಲೇಜಿನಲ್ಲೇ ಲೆಕ್ಚರರು. ಎಂಬತ್ತೊಂದು ಬರೆದವರಿಗೆ ಅವನು ಸೊನ್ನೆ ಹಾಕುತ್ತಾನಂತೆ, ನಕಲು ಎಂದು. ಲಕ್ಷ್ಮೀನರಸಿಂಹ ಪ್ರೊಫೆಸರಾಗಿದ್ದಾರೆ. ಅವರನ್ನು ಕಂಡರೆ ಊರಿಗೆ ಊರೇ ಕೈ ಮುಗಿಯುತ್ತದೆ. ತುಂಬಿದ ಸಭೆಯಲ್ಲಿ ಹಾರ ಹಾಕಿಸಿಕೊಂಡು ನಿಂತು ತಪ್ಪು ಒಪ್ಪಿಕೊಂಡ ಮಹಾನುಭಾವ. ಎಂಥ ದೊಡ್ಡ ಮನಸ್ಸು, ಮೇಷ್ಟರೆಂದರೆ ಹಾಗಿರಬೇಕು. ಪದಕಕ್ಕಿಂತ ಆ ಒಪ್ಪಿಗೆಯಿಂದಲೇ ಅವರಿಗೆ ಹೆಚ್ಚು ಹೆಸರು ಬಂತು. ನನ್ನ ಒಂದು ವರ್ಷ, ನನ್ನ ಎಂ.ಎಸ್ಸಿ., ನಾನು ಎದ್ದು ನಿಂತು ಕೇಳಿದ ಪ್ರಶ್ನೆ, ಎಲ್ಲವೂ ಅವರ ಹಿರಿಮೆಗೇ ಜಮೆಯಾಯಿತು. ಇದನ್ನು ನೆನೆದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಅವರು ಕೆಟ್ಟವರಲ್ಲ, ನನಗೆ ಗೊತ್ತು. ಒಳ್ಳೆಯವರು ಸರಿಯಾದ ಹೊತ್ತಿಗೆ ಬಾಯಿ ಬಿಡದಿದ್ದರೆ ಆ ಒಳ್ಳೆಯತನವನ್ನು ನಾನೇನು ಮಾಡಲಿ.

ಕಳೆದ ತಿಂಗಳು ನಮ್ಮ ಶಾಲೆಗೆ ಪ್ರೇಮಮ್ಮ ಎಂಬ ಹೊಸ ಟೀಚರು ಬಂದಳು. ಚೆಲುವರಾಜುವಿನ ವಿದ್ಯಾರ್ಥಿನಿ. ಚೂಟಿಯಾದ ಹುಡುಗಿ. ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆಗೆಯುತ್ತಾ, ದೊಡ್ಡ ಮೇಷ್ಟರ ಕಥೆ ಕೇಳಿದ್ದೀರಾ ಎಂದು ಶುರು ಮಾಡಿದಳು. ಯಾವುದೋ ಸಭೆಯಂತೆ, ಯಾರೋ ಒಬ್ಬ ಹುಡುಗಿ ಎದ್ದು ಅವರನ್ನು ಪ್ರಶ್ನೆ ಕೇಳಿದಳಂತೆ, ಅವರು ಎಲ್ಲರ ಮುಂದೆ ಧೈರ್ಯ ಬರಲಿಲ್ಲ ಎಂದು ಒಪ್ಪಿಕೊಂಡರಂತೆ. ಪ್ರತಿ ವರ್ಷ ಮೊದಲ ಕ್ಲಾಸಿ‌ನಲ್ಲಿ ಚೆಲುವರಾಜು ಸರ್ ಈ ಕಥೆ ಹೇಳುತ್ತಾರೆ ಎಂದಳು. ಅವಳ ಕಣ್ಣು ಹೊಳೆಯುತ್ತಿತ್ತು.

ನಾನು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿದೆ. ಆ ಹುಡುಗಿ ಆಮೇಲೆ ಏನಾದಳಂತೆ ಎಂದು ಕೇಳಿದೆ.

ಪ್ರೇಮಮ್ಮ ತುತ್ತು ಕಲಸುತ್ತಲೇ ಹೇಳಿದಳು.

"ಗೊತ್ತಿಲ್ಲ ಮೇಡಂ. ಕಥೆನಲ್ಲಿ ಅದು ಬರಲ್ಲ."

ಮಧ್ಯಾಹ್ನದ ಗಂಟೆ ಹೊಡೆಯಿತು. ಅವಳು ಡಬ್ಬಿ ಮುಚ್ಚಿ ಏಳಲು ಹೋದಳು. ನಾನು ಅವಳ ಮಣಿಕಟ್ಟು ಹಿಡಿದೆ.

"ಬರುತ್ತೆ," ಎಂದೆ. "ಕೂತ್ಕೊ."